ತಾರಾ, ಹಾಸಿಗೆ ಹತ್ತೊಂಬತ್ತು

ನನ್ನ ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿದ್ದ ವರ್ಷ. ಚೆನ್ನೈನ ನುಂಗಂಬಾಕ್ಕಂನಲ್ಲಿರುವ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ಒಂದೇ ಸಾಲಿನದು. ಯಾರೂ ಜೊತೆಗಿಲ್ಲದೆ ಬಂದ ರೋಗಿಗೆ ಅವರ ಕಡೆಯವರನ್ನು ಹುಡುಕಿಕೊಡುವುದು. ಇಪ್ಪತ್ತೊಂಬತ್ತು ವರ್ಷ ಅದನ್ನೇ ಮಾಡಿದ್ದರಿಂದ ಅದು ನನಗೆ ಬರುತ್ತದೆ ಎಂದುಕೊಂಡಿದ್ದೆ.

ಈ ಪ್ರಕರಣಕ್ಕೆ ನನ್ನ ಬಳಿ ಇರುವುದು ಎರಡು ಸಾಕ್ಷಿ, ಡೈರಿ ಮತ್ತು ನೆನಪು. ಎರಡೂ ಎಲ್ಲ ಕಡೆ ಹೊಂದುವುದಿಲ್ಲ. ಹಾಸಿಗೆ ಹತ್ತೊಂಬತ್ತರ ರೋಗಿಯ ಸೀರೆ ಹಸಿರು ಎಂದು ನೆನಪು ಹೇಳುತ್ತದೆ. ಡೈರಿಯಲ್ಲಿ ‘ಕಂದು, ಕಾಟನ್’ ಎಂದಿದೆ. ಜಗಳ ಬಿದ್ದಲ್ಲಿ ಡೈರಿಯ ಮಾತು ಕೇಳಿದ್ದೇನೆ. ಅದನ್ನು ಬರೆದವನೂ ನಾನೇ ಎಂಬುದನ್ನು ಓದುವವರು ಮರೆಯಬಾರದು.

ಒಂದು ಗುರುವಾರ ಬೆಳಿಗ್ಗೆ ಕೋಡಂಬಾಕ್ಕಂ ರೈಲ್ವೆ ಸ್ಟೇಷನ್ನಿನ ಬೆಂಚಿನಿಂದ ಆಂಬ್ಯುಲೆನ್ಸಿನವರು ಒಬ್ಬ ಹೆಂಗಸನ್ನು ತಂದರು. ಎಪ್ಪತ್ತರ ಆಸುಪಾಸು. ತಿಳಿ ಬಣ್ಣ, ಬೂದುಗಣ್ಣು. ಕೊರಳಲ್ಲಿ ಏನೂ ಇಲ್ಲ, ಹಣೆಯಲ್ಲಿ ಏನೂ ಇಲ್ಲ, ಕೈಚೀಲವಿಲ್ಲ, ಫೋನಿಲ್ಲ. ಮೆದುಳಿನ ಎಡಭಾಗಕ್ಕೆ ಸ್ಟ್ರೋಕ್ ಆಗಿ ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಎದುರಿನವರು ಹೇಳಿದ್ದು ಅಷ್ಟಿಷ್ಟು ತಿಳಿಯುತ್ತದೆ, ಹೇಳಬೇಕಾದ್ದು ಬಾಯಿಗೆ ಬರುವುದಿಲ್ಲ. ಊರು ಕೇಳಿದರೆ, ಮಕ್ಕಳನ್ನು ಕೇಳಿದರೆ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಹೆಸರು ಕೇಳಿದಾಗ ಮಾತ್ರ ಸ್ಪಷ್ಟವಾಗಿ ಒಂದು ಪದ ಬಂತು.

“ತಾರಾ.”

ವಾರ್ಡಿನ ನರ್ಸ್ ಸೆಲ್ವಿ ಓಡಿ ಬಂದಳು. “ಸಾರ್, ಪೇರು ಸೊಲ್ಲಿಟ್ಟಾಂಗ! ಹೆಸರು ತಾರಾ ಅಂತೆ!”

ನಾನು ಬಾಗಿಲ ಬಳಿ ನಿಂತು ಕರೆದು ನೋಡಿದೆ. ಆಕೆ ಕತ್ತು ತಿರುಗಿಸಿದರು. ಬೇರೆ ಹೆಸರಿನಿಂದ ಕರೆದೆ, ತಿರುಗಲಿಲ್ಲ. ಮತ್ತೆ ತಾರಾ ಎಂದೆ. ತಿರುಗಿದರು.

ಗುರುತಿಲ್ಲದ ರೋಗಿಗೆ ನಮ್ಮಲ್ಲಿ ಕೇಸ್ ಶೀಟಿನ ಮೇಲೆ ‘ಅನ್‌ನೋನ್ ಫೀಮೇಲ್’ ಎಂದು ಬರೆಯುತ್ತಾರೆ. ಆ ಎರಡು ಪದ ಕಂಡರೆ ನನಗೆ ಮೊದಲಿನಿಂದಲೂ ಆಗದು. ಪೆನ್ನು ತೆಗೆದು ಅದನ್ನು ಹೊಡೆದುಹಾಕಿ ‘ತಾರಾ’ ಎಂದು ಬರೆದೆ. ಕೈಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯನ್ನೂ ಬದಲಾಯಿಸಿದೆ: ತಾರಾ, ಹಾಸಿಗೆ ಹತ್ತೊಂಬತ್ತು. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನದಲ್ಲಿ ಆ ದಿನ ಕ್ಯಾಂಟೀನಿನಲ್ಲಿ ಎರಡನೇ ಕಾಫಿ ಕುಡಿದೆ.

ಉಚಿತ ವಾರ್ಡಿನಲ್ಲಿ ಹಾಸಿಗೆ ಸಿಗುವುದು ಹನ್ನೆರಡು ದಿನ. ಅಷ್ಟರಲ್ಲಿ ಯಾರೂ ಬರದಿದ್ದರೆ ನಗರದ ಹೊರಗಿನ ಒಂದು ಅನಾಥಾಶ್ರಮಕ್ಕೆ ಕಳಿಸುತ್ತೇವೆ. ಅಲ್ಲಿ ನೋಡಿಕೊಳ್ಳುವುದಿಲ್ಲ ಎಂದಲ್ಲ. ಆದರೆ ನಾನು ಕಳಿಸಿದವರಲ್ಲಿ ಅಲ್ಲಿಂದ ಮನೆಗೆ ಮರಳಿದವರು ಇಬ್ಬರೇ. ಹುಡುಕುವವರು ಆಸ್ಪತ್ರೆಗಳಿಗೆ ಬರುತ್ತಾರೆ. ಅಷ್ಟು ದೂರದ ಗೇಟಿಗೆ ಹೋಗುವ ಹೊತ್ತಿಗೆ ಅವರ ಕಾಲು ಸೋತಿರುತ್ತದೆ.

ಹೀಗಾಗಿ ನನಗೆ ಇದ್ದದ್ದು ಹನ್ನೆರಡು ದಿನ ಮತ್ತು ಒಂದು ಹೆಸರು.

ಹೆಸರು ಯಾವ ಜಾತಿಯದು, ಯಾವ ಭಾಷೆಯದು ಎಂದು ತಿಳಿದರೆ ಹುಡುಕಾಟ ಅರ್ಧ ಮುಗಿದಂತೆ. ಮುನಿಯಮ್ಮ ಎಂದರೆ ಯಾವ ಕಡೆಯವರನ್ನು ವಿಚಾರಿಸಬೇಕು, ಫಿಲೋಮಿನಾ ಎಂದರೆ ಯಾವ ಚರ್ಚಿಗೆ ಫೋನ್ ಮಾಡಬೇಕು ಎಂಬುದು ನನಗೆ ಬಾಯಿಪಾಠ. ತಾರಾ ಮಾತ್ರ ಯಾರ ಕೈಗೂ ಸಿಗದ ಹೆಸರು. ನರಗಳ ಡಾಕ್ಟರು ಡಬ್ಲಿನ್‌ನಲ್ಲಿ ಓದಿ ಬಂದವರು. “ಐರ್ಲೆಂಡಿನಲ್ಲಿ ಆ ಹೆಸರಿನ ಗುಡ್ಡ ಇದೆ, ಹಿಂದಿನ ರಾಜರ ಪಟ್ಟ ಅಲ್ಲೇ ಆಗ್ತಿತ್ತಂತೆ. ನನ್ನ ಕ್ಲಾಸಿನಲ್ಲೇ ಇಬ್ಬರು ತಾರಾ ಇದ್ದರು. ಇವರ ಕಣ್ಣು ನೋಡಿದರೆ ಆಂಗ್ಲೋ ಇಂಡಿಯನ್ ಇರಬಹುದು” ಎಂದರು. ವೇಪೇರಿಯ ಎರಡು ಚರ್ಚುಗಳಲ್ಲಿ ವಿಚಾರಿಸಿದೆ. ಫಾರ್ಮಸಿ ಓದಲು ಬಂದಿದ್ದ ಇರಾನಿನ ಹುಡುಗಿಯೊಬ್ಬಳು, ತಮ್ಮಲ್ಲೂ ಹೆಣ್ಣುಮಕ್ಕಳಿಗೆ ಆ ಹೆಸರಿಡುತ್ತಾರೆ, ಅಲ್ಲಿಯೂ ಅದು ನಕ್ಷತ್ರವೇ ಎಂದಳು. ಎಗ್ಮೋರ್ ಬಳಿ ಸ್ವೆಟರ್ ಮಾರುವ ಟಿಬೆಟಿನ ವ್ಯಾಪಾರಿಯೊಬ್ಬ ಹೆಂಡತಿಯನ್ನು ಕರೆದುಕೊಂಡು ಬಂದ. ಅವಳ ಹೆಸರು ಡೋಲ್ಮಾ. ತಾರಾದೇವಿಯನ್ನೇ ಅವರ ಭಾಷೆಯಲ್ಲಿ ಹಾಗೆ ಕರೆಯುವುದು. ಡೋಲ್ಮಾ ಬಹಳ ಹೊತ್ತು ಆಕೆಯ ಮುಖ ನೋಡಿ, “ನಮ್ಮವರಲ್ಲ” ಎಂದು ಹೇಳಿ, ಆದರೂ ಕಾಲಿಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಹಾಕಿ ಹೋದಳು. ಚೆನ್ನೈನ ಸೆಕೆಯಲ್ಲಿ ಆ ಕಾಲುಚೀಲ ಎರಡು ದಿನ ಹಾಗೇ ಇತ್ತು.

ನನ್ನ ತಂದೆ ಇದ್ದಿದ್ದರೆ ಪುರಾಣದ ಇಬ್ಬರನ್ನೂ ಹೇಳುತ್ತಿದ್ದರು. ಯುದ್ಧಕ್ಕೆ ಹೋಗಬೇಡ ಎಂದು ವಾಲಿಯನ್ನು ತಡೆದ ತಾರೆ. ಬೃಹಸ್ಪತಿಯ ಮನೆಯಿಂದ ಚಂದ್ರನ ಹಿಂದೆ ಹೋದ ತಾರೆ. ಎರಡನೆಯವಳ ಕಥೆಯನ್ನು ಅವರು ದನಿ ತಗ್ಗಿಸಿ ಹೇಳುತ್ತಿದ್ದರು.

ರೋಗಿಯ ಫೋಟೋ ಹೊರಗೆ ಹಾಕುವಂತಿಲ್ಲ. ಆದ್ದರಿಂದ, ‘ತಾರಾ ಎಂಬ ವೃದ್ಧೆಯ ಮನೆಯವರು ಸಂಪರ್ಕಿಸಿ’ ಎಂದಷ್ಟೇ ವಾಟ್ಸಾಪಿನಲ್ಲಿ ಹರಿಯಬಿಟ್ಟೆ. ಹನ್ನೊಂದು ಕರೆ ಬಂದವು. ಅವುಗಳಲ್ಲಿ ನಾಲ್ಕು ಬೇರೆ ತಾರಾಗಳದ್ದೇ! “ನಾನಿಲ್ಲೇ ಇದೀನಿ ಸಾರ್, ನಮ್ಮನೆಯೋರು ಸಾಂಬಾರಿಗೆ ಉಪ್ಪು ಸಾಲದು ಅಂತ ಕೂಗ್ತಾ ಇದಾರೆ” ಎಂದು ನಕ್ಕವರೊಬ್ಬರು. ಇನ್ನೊಬ್ಬರದು ಮಧ್ಯವಯಸ್ಸಿನ ದನಿ, ತಮಿಳು. ತಾನು ಕಾಣೆಯಾಗಿಲ್ಲ ಎಂದರು. ಆಮೇಲೆ, “ಸುಮ್ಮನೆ ಕೇಳುತ್ತಿದ್ದೇನೆ ಸಾರ್. ನನ್ನನ್ನು ಯಾರಾದರೂ ಹುಡುಕುತ್ತಿದ್ದಾರಾ?” ಎಂದು ಕೇಳಿದರು. ಇಲ್ಲಮ್ಮ, ಇದು ಬೇರೆಯವರ ವಿಷಯ ಎಂದೆ. “ಸರಿ” ಎಂದು ಇಟ್ಟುಬಿಟ್ಟರು.

ಹತ್ತನೆಯ ದಿನ ಶನಿವಾರ. ಸೋಮವಾರ ಬೆಳಿಗ್ಗೆಗೆ ಆಶ್ರಮದ ವ್ಯಾನು ಗೊತ್ತುಮಾಡಿದೆ. ಭಾನುವಾರ ಟಿ. ನಗರದಲ್ಲಿ ಒಂದು ಮದುವೆ. ನಮ್ಮದು ಧಾರವಾಡದ ಕಡೆಯ ಮನೆತನ. ದೂರದ ಸಂಬಂಧಿಯ ಮಗನ ಮದುವೆ. ಹೆಂಡತಿ ತೀರಿಕೊಂಡ ಮೇಲೆ ನಾನು ಮದುವೆಗಳಿಗೆ ಹೋಗುವುದು ಕಡಿಮೆ. ಯಾಕೆ ಹೋದೆನೋ ನೆನಪಿಲ್ಲ. ಡೈರಿಯೂ ಹೇಳುವುದಿಲ್ಲ.

ಮನೆ ತುಂಬಿಸಿಕೊಳ್ಳುವ ಶಾಸ್ತ್ರವನ್ನೂ ಮಂಟಪದಲ್ಲೇ ಮುಗಿಸುತ್ತಿದ್ದರು. ನಮ್ಮ ಕಡೆ ಆ ಹೊತ್ತಿಗೆ ಬೆಳ್ಳಿ ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದಿಂದ ಅದರ ಮೇಲೆ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಂದ ಮುಂದೆ ಅವಳು ಆ ಹೆಸರಿನವಳು. ಈ ಹುಡುಗಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು.

“ಏಯ್, ನನ್ನ ಆಧಾರ್, ಪಾನ್, ಪಾಸ್‌ಪೋರ್ಟ್ ಎಲ್ಲಾ ಯಾರು ಚೇಂಜ್ ಮಾಡೋದು? ನೀನಾ? ಇದ್ದ ಹೆಸರೇ ಬರಿ.”

ಎಲ್ಲರೂ ನಕ್ಕರು. ಹುಡುಗ ಇದ್ದ ಹೆಸರೇ ಬರೆದ. ನನ್ನ ಪಕ್ಕದ ಕುರ್ಚಿಯಲ್ಲಿ ಎಂಬತ್ತು ದಾಟಿದ ಸೋದರತ್ತೆ ಕೂತಿದ್ದರು.

“ಶಾಣ್ಯಾ ಅದಾಳ ಹುಡುಗಿ,” ಎಂದರು. “ನಮ್ಮನ್ನ ಯಾರ ಕೇಳಿದ್ರು? ಮುಂಜಾನಿ ಒಂದ್ ಹೆಸರು, ಸಂಜಿಕ ಒಂದ್ ಹೆಸರು. ಎಂಟ್ ದಿವಸ ಅತ್ತಿ ಕರದ್ರ ಯಾರನ್ನ ಕರಿಯಾಕತ್ತಾರೋ ಏನೋ ಅಂತ ನಾ ಸುಮ್ಮ ಕೂತಿರತಿದ್ದೆ. ಬೈಸ್ಕೊಂಡೇನಿ.”

“ಅತ್ತಿ, ನಮ್ಮವ್ವಗೂ ಬ್ಯಾರೆ ಹೆಸರಿತ್ತೇನು?”

“ಇರದೇನು? ಏನೋ ಇತ್ತಪ್ಪ… ಗೋದಾವರಿನೋ… ಊಹೂಂ, ಅದು ಆಕಿ ತಂಗಿದು. ನೆನಪಾಗವಲ್ದು. ಕೇಳಬೇಕಂದ್ರ ಯಾರ ಅದಾರ ಈಗ?”

ಅವ್ವನ ಕೇಸ್ ಶೀಟು, ಅವ್ವನ ಮರಣಪತ್ರ ಎರಡಕ್ಕೂ ಸಹಿ ಮಾಡಿದವನು ನಾನು. ಹೆಸರಿನ ಕಾಲಮ್ಮಿನಲ್ಲಿ ನನ್ನ ಕೈ ಒಂದು ಕ್ಷಣವೂ ನಿಂತಿರಲಿಲ್ಲ.

ಆಗ ಹೊಳೆಯಿತು, ತಾರಾ ಎಂಬುದು ಮದುವೆಗೆ ಮೊದಲಿನ ಹೆಸರಿರಬಹುದು. ಡೈರಿಯ ಪ್ರಕಾರ ಊಟಕ್ಕೆ ಮೊದಲೇ ಮಂಟಪ ಬಿಟ್ಟೆ. ನನ್ನ ನೆನಪಿನಲ್ಲಿ ಮಾತ್ರ ಎರಡು ಹೋಳಿಗೆ ತಿಂದ ರುಚಿ ಇದೆ. ಏನೇ ಇರಲಿ, ಒಂದೂ ಮುಕ್ಕಾಲಕ್ಕೆ ನಾನು ಆಸ್ಪತ್ರೆಯ ಆಫೀಸಿನಲ್ಲಿದ್ದೆ. ಮೂರನೆಯ ದಿನ ಪೊಲೀಸ್ ಠಾಣೆಯಿಂದ ತಂದಿದ್ದ ಕಾಣೆಯಾದವರ ಪಟ್ಟಿ ಕಡತದಲ್ಲೇ ಇತ್ತು. ಅದರಲ್ಲಿ ನಾನೇ ಪೆನ್ಸಿಲಿನಿಂದ ಅಡ್ಡಗೆರೆ ಎಳೆದ ಒಂದು ನಮೂದು: ಇಂದಿರಾ, 71 ವರ್ಷ, ಪುರಸೈವಾಕ್ಕಂ, ಎಡ ಮೊಣಕೈ ಕೆಳಗೆ ಹಳೆಯ ಸುಟ್ಟ ಕಲೆ. ಫೋಟೋ ಜೆರಾಕ್ಸಿನಲ್ಲಿ ಕಪ್ಪು ಮಸಿಯಾಗಿತ್ತು.

ಮೂರನೆಯ ದಿನ ನಾನು ಮೊಣಕೈ ನೋಡಿರಲಿಲ್ಲ. ಹೆಸರು ನೋಡಿದ್ದೆ.

ವಾರ್ಡಿಗೆ ಹೋದೆ. ಸೆಲ್ವಿ ಆಕೆಯ ಎಡತೋಳು ಮೆಲ್ಲಗೆ ತಿರುಗಿಸಿದಳು. ಕಲೆ ಇತ್ತು, ಅಂಗೈಯಷ್ಟು ಅಗಲ. ಹನ್ನೊಂದು ದಿನ ಅದನ್ನು ದಿನಾ ಒರೆಸುತ್ತಿದ್ದ ಸೆಲ್ವಿ, “ಇದು ಇದೆ ಅಂತ ನನಗೆ ಗೊತ್ತಿತ್ತು ಸಾರ್, ನೀವು ಕೇಳಲೇ ಇಲ್ಲ” ಎಂದಳು.

ಫೋನ್ ಮಾಡಿದ ಒಂದು ಗಂಟೆಯೊಳಗೆ ಮಗಳು ಬಂದರು. ಹೆಸರು ವಸುಧಾ, ವಯಸ್ಸು ನಲವತ್ತೈದರ ಮೇಲೆ, ಬ್ಯಾಂಕಿನಲ್ಲಿ ಕೆಲಸ, ಅವಿವಾಹಿತೆ. ಗದಗಿನ ಕಡೆಯ ಕನ್ನಡದವರು, ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಚಪ್ಪಲಿ ಒಂದು ಕಪ್ಪು, ಒಂದು ಕಂದು. ತಾಯಿ ಮಗಳನ್ನು ಕಂಡದ್ದೇ ಎಡಗೈ ಚಾಚಿದರು. ಆ ಹೊತ್ತಿನ ಬಗ್ಗೆ ಡೈರಿಯಲ್ಲಿ ಬರೆದದ್ದು ‘ಗುರುತು ಸಿಕ್ಕಿತು’ ಎಂದಷ್ಟೇ. ಅಷ್ಟೇ ಸಾಕು.

ಆಮೇಲೆ ವಸುಧಾ ನನ್ನ ಮೇಜಿನ ಎದುರು ಕೂತರು.

“ನಾನು ಇಲ್ಲಿಗೆ ಫೋನ್ ಮಾಡಿದ್ದೆ ಸರ್. ಮೊದಲನೇ ದಿನಾನೇ, ಸಾಯಂಕಾಲ. ಇಂದಿರಾ ಅಂತ ಯಾರಾದ್ರೂ ಅಡ್ಮಿಟ್ ಆಗಿದಾರಾ ಅಂದೆ. ಇಲ್ಲೈ ಅಂದ್ರು. ಪೇರು ತೆರಿಯಾದ ಪೇಷಂಟ್, ಅನ್‌ನೋನ್ ಯಾರಾದ್ರೂ ಅಂದೆ. ಇಲ್ಲೈ ಅಂದ್ರು.”

ರಿಸೆಪ್ಷನ್ನಿನವರು ಹೇಳಿದ್ದು ಸರಿ. ಅನ್‌ನೋನ್ ಯಾರೂ ಇರಲಿಲ್ಲ. ಬೆಳಿಗ್ಗೆಯೇ ನಾನು ಹೊಡೆದುಹಾಕಿದ್ದೆ. ಹೆಸರಿಲ್ಲದವರ ಮೈಗುರುತು ದಿನಾ ಠಾಣೆಗೆ ಹೋಗುತ್ತದೆ. ಹೆಸರಿರುವವರದು ಹೋಗುವುದಿಲ್ಲ. ನಾನು ಹೆಸರು ಕೊಟ್ಟು ಆಕೆಯನ್ನು ಹುಡುಕುವವರ ಕಣ್ಣಿನಿಂದ ಆಚೆ ಇಟ್ಟುಬಿಟ್ಟಿದ್ದೆ. ಇದನ್ನು ಅವರಿಗೆ ಹೇಳಿದೆ. ತಪ್ಪು ರಿಸೆಪ್ಷನ್ನಿನವರದಲ್ಲ, ನನ್ನದು ಎಂದೂ ಹೇಳಿದೆ.

ವಸುಧಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ತಾರಾ ಅಂತ ಒಂದು ಮೆಸೇಜ್ ನನಗೂ ಬಂದಿತ್ತು,” ಎಂದರು. “ಪಾವಂ, ನಮ್ಮಂಗೇ ಯಾರೋ ಅಂತ ಆಫೀಸ್ ಗ್ರೂಪಿಗೆ ಫಾರ್ವರ್ಡ್ ಮಾಡ್ದೆ.” ಆಮೇಲೆ ಕೇಳಿದರು: “ಯಾರು ಸರ್ ತಾರಾ?”

ನಾನು ಅಕ್ಕಿಯ ತಟ್ಟೆಯ ಸಂಗತಿ ಹೇಳಿದೆ. ಅವರು ಅಲ್ಲೇ ಕೂತು ಗದಗಿನಲ್ಲಿರುವ ತಂದೆಯ ತಂಗಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

“ಹೌದವಾ, ತಾರಾಬಾಯಿ ಅಂತಿತ್ತು,” ಎಂದಿತು ಆ ಕಡೆಯ ದನಿ. “ನಮ್ಮಪ್ಪ ಒಲ್ಲೆ ಅಂದಾ. ಗಂಡನ್ನ ಬಿಟ್ಟು ಹ್ವಾದಾಕಿ ಹೆಸರು ನಮ್ಮನಿಗೆ ಬ್ಯಾಡ ಅಂದಾ. ಅದಕ್ಕ ಇಂದಿರಾ ಅಂತ ಬರಸಿದ್ರು. ಯಾಕ, ಈಗ್ಯಾಕ ಅದು?”

ನಲವತ್ತೈದು ವರ್ಷ ಒಂದೇ ಮನೆಯಲ್ಲಿದ್ದ ಮಗಳಿಗೆ ಆ ಹೆಸರು ಗೊತ್ತಿರಲಿಲ್ಲ. ತಾಯಿಗೆ ಈಗ ಗಂಡ ಇಲ್ಲ. ತವರಿನಲ್ಲಿ ಯಾರೂ ಉಳಿದಿಲ್ಲ. ಐರ್ಲೆಂಡಿನಲ್ಲಿ, ಇರಾನಿನಲ್ಲಿ, ಟಿಬೆಟಿನವರಲ್ಲಿ ಯಾರು ಯಾರನ್ನೋ ಆ ಹೆಸರಿನಿಂದ ದಿನಾ ಕರೆಯುತ್ತಿರುತ್ತಾರೆ. ಈ ಒಬ್ಬರನ್ನು ಹಾಗೆ ಕರೆಯುವವರು ಎಷ್ಟೋ ವರ್ಷಗಳಿಂದ ಇರಲಿಲ್ಲ. ಕೋಡಂಬಾಕ್ಕಂಗೆ ಅವರು ಯಾಕೆ ಹೋಗಿದ್ದರು ಎಂಬುದು ಇಂದಿಗೂ ತಿಳಿದಿಲ್ಲ. ಕಾರಣ ಊಹಿಸಿ ಇಲ್ಲಿ ಸೇರಿಸುವುದು ಸುಲಭ, ಸೇರಿಸುವುದಿಲ್ಲ.

ಸೋಮವಾರದ ವ್ಯಾನು ರದ್ದಾಯಿತು. ಡಿಸ್ಚಾರ್ಜಿನ ದಿನ ಸೆಲ್ವಿ ಕೈಪಟ್ಟಿ ಕತ್ತರಿಸಿ ‘ಇಂದಿರಾ’ ಎಂಬ ಹೊಸ ಪಟ್ಟಿ ಹಾಕಲು ಹೋದಳು. ಆಕೆ ಎಡಗೈಯಿಂದ ಬಲ ಮಣಿಕಟ್ಟನ್ನು ಮುಚ್ಚಿಕೊಂಡರು. ಬಿಡಿಸಲು ಆಗಲಿಲ್ಲ. “ಇರ್ಲಿ ಬಿಡಿ ಸಿಸ್ಟರ್, ನಾನು ಮನೇಲಿ ಮೆದುವಾ ತೆಗೀತೀನಿ” ಎಂದರು ವಸುಧಾ.

ಈ ಪ್ರಕರಣ ಆದ ಮೇಲೆ ನಮ್ಮ ಫಾರಂ ಬದಲಾಯಿತು. ಬಾಯಲ್ಲಿ ಬಂದ ಹೆಸರನ್ನು ಬರೆದರೂ, ಕಾಗದದಿಂದ ಖಚಿತವಾಗುವವರೆಗೆ ‘ಅನ್‌ನೋನ್’ ಎಂಬುದನ್ನು ಹೊಡೆಯುವಂತಿಲ್ಲ. ಹೆಂಗಸರಿಗೆ ಇನ್ನೊಂದು ಪ್ರಶ್ನೆ ಸೇರಿಸಿದೆ: ಮದುವೆಗೆ ಮೊದಲು ಏನೆಂದು ಕರೆಯುತ್ತಿದ್ದರು? ಬಹಳ ಜನ ಇದ್ದ ಹೆಸರನ್ನೇ ಹೇಳುತ್ತಾರೆ. ಕೆಲವರು ಮಾತ್ರ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಹೇಳುತ್ತಾರೆ.

ಕೆಲಸ ನನಗೆ ಕಲಿಸಿದ ಪಾಠ ಇದೇ ಎಂದು ನಿವೃತ್ತಿಯ ದಿನ ಭಾಷಣದಲ್ಲಿ ಹೇಳಿದೆ. ಪೂರ್ತಿ ನಿಜವಲ್ಲ. ಅದಾಗಿ ಎರಡು ತಿಂಗಳಿಗೆ ವಸುಧಾ ಫೋನ್ ಮಾಡಿದರು.

“ಸರ್, ಒಂದು ವಿಷಯ. ಅಮ್ಮಾ ಅಂದ್ರೆ ಕೆಲವು ದಿನ ತಿರುಗೋದೇ ಇಲ್ಲ. ಇಂದಿರಾ ಅಂದ್ರೂ ಇಲ್ಲ. ಆ ಪೇರು ಅಂದ್ರೆ ತಿರುಗ್ತಾರೇನೋ. ಆದ್ರೆ ಹೆತ್ತ ತಾಯಿನ ಹೆಸರು ಹಿಡಿದು… ನನಗೆ ಬಾಯೇ ವರಲ್ಲೈ ಸರ್. ನೀವು ಒಂದ್ಸಲ ಬಂದು ಕರೀತೀರಾ?”

ಅಂದಿನಿಂದ ವಾರಕ್ಕೊಮ್ಮೆ, ಶನಿವಾರ ಸಂಜೆ ಪುರಸೈವಾಕ್ಕಂಗೆ ಹೋಗುತ್ತೇನೆ. ಪಾತ್ರೆ ಅಂಗಡಿಗಳ ಗದ್ದಲ ದಾಟಿ ಮೂರನೇ ಮಹಡಿ. ಬಾಗಿಲ ಬಳಿ ನಿಂತು, “ತಾರಾ” ಎನ್ನುತ್ತೇನೆ. ಆಕೆ ಕತ್ತು ತಿರುಗಿಸುತ್ತಾರೆ. ವಸುಧಾ ಒಳಗೆ ಕಾಫಿ ಇಡುತ್ತಾರೆ. ಇಷ್ಟೇ ಕೆಲಸ. ಇಪ್ಪತ್ತೊಂಬತ್ತು ವರ್ಷ ಜನರನ್ನು ಅವರವರ ಕಡೆಯವರಿಗೆ ಒಪ್ಪಿಸಿ ನಾನು ಹೊರಗೆ ಬಂದುಬಿಡುತ್ತಿದ್ದೆ. ಒಪ್ಪಿಸಿದಲ್ಲಿಗೆ ಕೆಲಸ ಮುಗಿಯುವುದಿಲ್ಲ ಎಂದು ಕಲಿತದ್ದು ಕುರ್ಚಿ ಬಿಟ್ಟ ಮೇಲೆ.

ಅವರು ನನ್ನ ಮುಖವನ್ನೇ ನೋಡುತ್ತಾರೆ. ತುಟಿ ಅಲುಗುತ್ತದೆ. ಈ ಊರಿನಲ್ಲಿ ನಾನು ಎಲ್ಲರಿಗೂ ಸಾರ್. ಹೆಂಡತಿ ಹೋದ ಮೇಲೆ ನನ್ನನ್ನು ಹೆಸರು ಹಿಡಿದು ಕರೆದವರಿಲ್ಲ. ಅದಕ್ಕೇ ಪ್ರತಿ ಶನಿವಾರ ಹೊರಡುವ ಮೊದಲು ಅವರ ಹತ್ತಿರ ಬಗ್ಗಿ ನನ್ನ ಹೆಸರನ್ನೂ ಒಮ್ಮೆ ಹೇಳಿ ಬರುತ್ತೇನೆ. ಅವರು ಇನ್ನೂ ಅದನ್ನು ತಿರುಗಿ ಹೇಳಿಲ್ಲ.