ನಾಲ್ಕು ಚುಕ್ಕೆಯ ಕರಿಹುಳ

ನೀರೆತ್ತಲು ಬಾವಿಗಳಿಗೆ ಇನ್ನೂ ಎತ್ತಿನ ಕಪಿಲೆ ಹೂಡುತ್ತಿದ್ದ ಕಾಲ ಅದು. ಎಲ್ಲೋ ಯುದ್ಧ ನಡೆಯುತ್ತಿತ್ತಂತೆ. ರೇಷ್ಮೆ ಸೀಮೆಯ ವಿಜಯಪುರದ ಹತ್ತಿರದ ನಮ್ಮ ಹಳ್ಳಿಗೆ ಮುಟ್ಟಿದ್ದ ಯುದ್ಧದ ಸುದ್ದಿ ಎಂದರೆ ರೇಷ್ಮೆಗೆ ಬೇಡಿಕೆ ಬಂದಿದೆ ಎನ್ನುವುದೊಂದೇ. ನಮ್ಮ ಮನೆಯಲ್ಲಿ ರೇಷ್ಮೆಹುಳುಗಳಿಗೆ ಬೇರೆಯೇ ಕೋಣೆ ಇತ್ತು. ಒಳಗೆ ಕಾಲಿಟ್ಟರೆ ಹಸಿ ಹಿಪ್ಪುನೇರಳೆ ಸೊಪ್ಪಿನ ವಾಸನೆ, ಇದ್ದಿಲಿನ ಬಿಸಿ. ದೇವರ ಮನೆಗಾದರೂ ಅಜ್ಜಿ ಅಷ್ಟು ಮಡಿ ಮಾಡುತ್ತಿರಲಿಲ್ಲ.

ಅಪ್ಪನ ತಂಗಿ ನಂಜತ್ತೆ ಗಂಡ ಸತ್ತು ತವರಿಗೆ ಬಂದಿದ್ದಳು. ಅವಳು ಆ ಕೋಣೆಗೆ ಬರಕೂಡದು ಎಂದು ಅಜ್ಜಿಯ ಕಟ್ಟಪ್ಪಣೆ. ಸೊಪ್ಪು ಕೊಯ್ಯುವುದು, ಹೊರುವುದು, ಹೆಚ್ಚುವುದು ಎಲ್ಲ ಅವಳೇ; ಆದರೆ ಬುಟ್ಟಿಯನ್ನು ಹೊಸ್ತಿಲಲ್ಲಿಟ್ಟು ಹಿಂದೆ ಸರಿಯಬೇಕು. ಹೆತ್ತ ತಾಯಿಯೇ ಮಗಳಿಗೆ ಹೀಗೆ ಮಾಡುತ್ತಿದ್ದಳಲ್ಲ ಎಂದು ಈಗ ಸಂಕಟವಾಗುತ್ತದೆ. ಒಂಬತ್ತು ವರ್ಷದ ನನಗೆ ಆಗ ಏನೂ ಅನ್ನಿಸುತ್ತಿರಲಿಲ್ಲ.

ಅತ್ತೆಗೆ ಓದು ಬಾರದು. ಆದರೆ ಹುಳಹುಪ್ಪಟೆಗಳನ್ನು ವಿಂಗಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಸೊಪ್ಪು ಮೇಯುವವು, ಸಗಣಿ ತಿನ್ನುವವು, ಬೇಟೆಯಾಡುವವು ಎಂದು ಮೂರು ಪಂಗಡ ಮಾಡಿದ್ದಳು. ಮುಂಗಾರು ಬಿದ್ದ ಮೇಲೆ ನಾವಿಬ್ಬರೂ ಸೆರಗಿಗೆ, ಲಂಗಕ್ಕೆ ಹುರಿಗಡಲೆ ಕಟ್ಟಿಕೊಂಡು ಹಿತ್ತಿಲಲ್ಲಿ ಕಲ್ಲು ಮಗುಚುತ್ತಿದ್ದೆವು. ಆ ವರ್ಷ ತಿಪ್ಪೆಯ ಬದಿಯಲ್ಲಿ ನನಗೊಂದು ಕರಿಹುಳ ಸಿಕ್ಕಿತು. ತೆಳ್ಳನೆಯ ಕುತ್ತಿಗೆ, ಬೆನ್ನ ಮೇಲೆ ನಾಲ್ಕು ಹಳದಿ ಚುಕ್ಕೆ. ಹಾರಲಿಲ್ಲ, ಓಡಿತು. ಹಿಡಿದರೆ ಬೆರಳು ಉರಿಯುವಂತೆ ಏನನ್ನೋ ಚಿಮ್ಮಿಸಿತು. ಅಂಥದ್ದನ್ನು ಅತ್ತೆಯೂ ಕಂಡಿರಲಿಲ್ಲ. ತಿಪ್ಪೆಯಲ್ಲಿ ಸಿಕ್ಕಿದ್ದು ಸಗಣಿ ಪಂಗಡದ್ದೇ ಎಂದು ನಾನು ವಾದಿಸಿದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

“ಸಿಕ್ಕಿದ್ ಜಾಗ ನೋಡಿ ಜಾತಿ ಹೇಳ್ಬಾರ್ದು ಕಣೇ. ಬಾಯಿ ನೋಡು, ಇಕ್ಕಳ ಇದ್ದಂಗೈತೆ” ಎಂದಳು ಅತ್ತೆ. ಏನು ತಿನ್ನುತ್ತದೆಂದು ಕಣ್ಣಾರೆ ನೋಡೋಣ, ಅಲ್ಲಿಯವರೆಗೆ ಡಬ್ಬಿಯಲ್ಲಿ ಹಾಕಿ ಕೊಟ್ಟಿಗೆಯಲ್ಲಿಡು ಎಂದಳು.

ಅಂದು ಸಂಜೆ ಮಳೆ ಹಿಡಿಯಿತು. ಕೊಟ್ಟಿಗೆಗೆ ನೀರು ನುಗ್ಗುತ್ತದೆಂದು ಹೆದರಿ ನಾನು ಡಬ್ಬಿಯನ್ನು ಯಾರಿಗೂ ಹೇಳದೆ ರೇಷ್ಮೆಕೋಣೆಗೆ ಒಯ್ದು ಬುಟ್ಟಿಗಳ ಹಿಂದೆ ಬಚ್ಚಿಟ್ಟೆ. ಸಗಣಿ ತಿನ್ನುವ ಹುಳ ಅಲ್ಲಿ ಏನು ಮಾಡೀತು ಎಂದುಕೊಂಡೆ. ಸ್ವಲ್ಪ ಹೊತ್ತಿನಲ್ಲೇ ಕೋಣೆಯ ಹೆಂಚು ಸೋರತೊಡಗಿತು. ದೊಡ್ಡವರೆಲ್ಲ ಹೊಲದಲ್ಲಿದ್ದರು. ಹೊಸ್ತಿಲಲ್ಲಿ ನಿಂತು ನೋಡಿದ ಅತ್ತೆ ತಡೆಯಲಾರದೆ ಒಳಗೆ ಹೋಗಿ, ಹುಳುಗಳ ತಟ್ಟೆಗಳನ್ನು ಒಣಗಿದ್ದ ನೆಲಕ್ಕೆ ಇಳಿಸಿದಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ನೋಡಿದೆ. ಡಬ್ಬಿಯ ಮುಚ್ಚಳ ಜಾರಿತ್ತು. ಕರಿಹುಳ ತಟ್ಟೆಯ ನಡುವೆ ಕುಳಿತು, ಇನ್ನೇನು ಗೂಡು ಕಟ್ಟಲಿದ್ದ ರೇಷ್ಮೆಹುಳುವಿನ ಹೊಟ್ಟೆ ಬಗಿಯುತ್ತಿತ್ತು. ಸತ್ತವನ್ನು ಆಯ್ದು ಕೋಳಿಗಳಿಗೆ ಎಸೆದೆ, ಕರಿಹುಳವನ್ನು ಬೇಲಿಯಾಚೆ ಬಿಟ್ಟೆ. ಗಾಯಗೊಂಡು ಉಳಿದವು ಎರಡು ದಿನದಲ್ಲಿ ಕಪ್ಪಾಗಿ ಕೊಳೆತವು. ಕೊಳೆ ತಟ್ಟೆಯಿಂದ ತಟ್ಟೆಗೆ ಹಬ್ಬಿ, ಆ ಸಲದ ರೇಷ್ಮೆಬೆಳೆಯನ್ನೆಲ್ಲ ಗುಂಡಿಗೆ ಸುರಿಯಬೇಕಾಯಿತು.

ಮಳೆಯ ದಿನ ತಟ್ಟೆ ಇಳಿಸಿದ್ದು ಯಾರೆಂದು ಅಜ್ಜಿ ಕೇಳಿದಳು. ಅತ್ತೆ ನಿಜ ಹೇಳಿದಳು. ಆಮೇಲೆ ಅಜ್ಜಿ ಮಗಳ ಕಾಲ್ಗುಣದ ಬಗ್ಗೆ ಆಡಿದ ಮಾತುಗಳನ್ನು ನಾನು ಬರೆಯಲಾರೆ. ಅಪ್ಪ ತಲೆ ತಗ್ಗಿಸಿ ಕುಳಿತಿದ್ದರು.

ಎಲ್ಲ ಮುಗಿದ ಮೇಲೆ ಅತ್ತೆ ನನ್ನ ಬಳಿ ಬಂದು, “ಡಬ್ಬಿ ಎಲ್ಲೇ ಮಗಾ?” ಎಂದಳು. ಮಳೆನೀರಿನಲ್ಲಿ ಕೊಚ್ಚಿಹೋಯಿತು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

ವಾರದೊಳಗೆ ಅವಳನ್ನು ಸಮೇತನಹಳ್ಳಿಯ ದೂರದ ನೆಂಟರ ಮನೆಗೆ ಅಡಿಗೆ ಕೆಲಸಕ್ಕೆಂದು ಕಳಿಸಿದರು. ಗಾಡಿ ಹೊರಡುವಾಗಲಾದರೂ ಹೇಳಬಹುದಿತ್ತು. ಮುಂದಿನ ಮುಂಗಾರು ಬರುವ ಮೊದಲೇ ಅವಳು ಜ್ವರ ಬಂದು ಅಲ್ಲೇ ತೀರಿಕೊಂಡಳು.

ಎಷ್ಟೋ ವರ್ಷಗಳ ಮೇಲೆ ಒಂದು ಕಾಲೇಜಿನ ಗಾಜಿನ ಪೆಟ್ಟಿಗೆಯಲ್ಲಿ, ಸೂಜಿ ಚುಚ್ಚಿಟ್ಟ ಅದೇ ಹುಳವನ್ನು ಕಂಡೆ. ನೆಲದ ಮೇಲೆ ಓಡಿ ಬೇಟೆಯಾಡುವ ದುಂಬಿಗಳ ಕುಟುಂಬದ್ದು ಎಂದರು ಅಲ್ಲಿನ ಮೇಷ್ಟರು. ಸಿಕ್ಕಿರುವುದೇ ಎರಡೋ ಮೂರೋ, ಹಾಗಾಗಿ ಕುಟುಂಬದೊಳಗೆ ಅದನ್ನು ಎಲ್ಲಿಗೆ ಸೇರಿಸಬೇಕೆಂದು ಬಲ್ಲವರಲ್ಲೂ ಒಮ್ಮತವಿಲ್ಲವಂತೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅದೇ ವಾರ ಊರಿಗೆ ಹೋಗಿ, ಹಾಸಿಗೆ ಹಿಡಿದಿದ್ದ ಅಜ್ಜಿಗೆ ಎಲ್ಲವನ್ನೂ ಹೇಳಿದೆ.

ಬೈಯುತ್ತಾಳೆಂದು ಕಾದೆ. ಅಜ್ಜಿ ಬಾಗಿಲಿನತ್ತ ಮುಖ ಹೊರಳಿಸಿದಳು.

“ಗಾಡಿ ಹತ್ತೋವಾಗ ಅವ್ಳು ತಿರುಗಿ ನೋಡಿದ್ಲು ಕಣೇ” ಎಂದಳು. “ನಾನು ಬಾಗ್ಲು ಹಾಕ್ಕೊಂಡ್ಬಿಟ್ಟೆ.”

ಅಜ್ಜಿ ಹೋದಳು, ಅಪ್ಪನೂ ಹೋದರು. ಹಿಪ್ಪುನೇರಳೆ ಇದ್ದ ನಮ್ಮ ಹೊಲ ಈಗ ಯಾರದೋ. ಆ ಕರಿಹುಳವನ್ನು ನಾನು ಜೀವಂತವಾಗಿ ಮತ್ತೆ ಕಂಡಿಲ್ಲ. ನಂಜತ್ತೆಯದು ತಪ್ಪಿರಲಿಲ್ಲ ಎಂದು ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ಈಗ ಯಾರಿಗೆ ಹೇಳಿದರೂ ಅದು ಅವಳಿಗೆ ಕೇಳಿಸುವುದಿಲ್ಲ.