ಕುಸುಬಿಯ ಮುಳ್ಳು ತೆಗೆದವರು

ಎಣ್ಣೆಕಾಳು ತಳಿಗಳ ಸಂಶೋಧನೆಯಲ್ಲಿ ಮೂರು ದಶಕ ದುಡಿದು ಈ ವರ್ಷ ನಿವೃತ್ತರಾದ ಡಾ. ಶಿವಲಕ್ಷ್ಮಿಯವರನ್ನು ಗದಗ, ಶಿರಹಟ್ಟಿ, ಮುಂಡರಗಿಯ ರೈತರು ‘ಕುಸುಬಿ ಅಕ್ಕಾರು’ ಎಂದೇ ಬಲ್ಲರು. ಮೇಡಂ ಬಳಿ ವಿದ್ಯಾರ್ಥಿಯಾಗಿ ಸೇರಿ ಸಹೋದ್ಯೋಗಿಯಾಗಿ ಬೆಳೆದ ನನಗೆ ಈ ಅಭಿನಂದನಾ ಸಂಪುಟದಲ್ಲಿ ಅವರನ್ನು ನೆನೆಯುವ ಅವಕಾಶ ದೊರೆತದ್ದು ಭಾಗ್ಯವೇ ಸರಿ.

ಭಿನ್ನ ಗುಣದ ಎರಡು ತಳಿಗಳನ್ನು ಕೂಡಿಸಿದಾಗ ಹುಟ್ಟುವ ಪೀಳಿಗೆ ತಂದೆತಾಯಿಗಳಿಬ್ಬರನ್ನೂ ಮೀರಿಸಿ ಬೆಳೆಯುವುದುಂಟು. ಆ ಸಂಕರ ಹುರುಪನ್ನು ಕುಸುಬಿಯಲ್ಲಿ ತರಲು ಅವರು ವರ್ಷಗಟ್ಟಲೆ ಹೂವಿನೆದುರು ಚಿಮಟ ಹಿಡಿದು, ಒಂದರ ಪರಾಗ ಇನ್ನೊಂದಕ್ಕೆ ಕೂಡಿಸುತ್ತ ಕುಳಿತರು. ಕೊನೆಗೆ ಸಿದ್ಧವಾದ ಹೈಬ್ರಿಡ್, ಕುರ್ತಕೋಟಿಯ ಹೇಮಪ್ಪನವರ ಎರೆಹೊಲದಲ್ಲಿ ನೋಡಿದವರು ಬೆರಗಾಗುವಂತೆ ಬೆಳೆದು ನಿಂತಿತ್ತು. ತಳಿ ಬಿಡುಗಡೆಯ ಪ್ರಸ್ತಾವ ಹೋಗಿತ್ತು. ಅದರ ಬೆನ್ನಿಗೇ ಅವರ ಬಡ್ತಿಯೂ ಬರುವುದರಲ್ಲಿತ್ತು.

ಕೊಯ್ಲಿಗೆ ಬಂದ ಹೆಣ್ಣಾಳುಗಳ ಮುಂದಾಳು ಕರಿಯವ್ವ ಬದುವಿನಲ್ಲೇ ನಿಂತುಬಿಟ್ಟರು.

“ಪೀಕು ಭಾಳ ಚಲೋ ಐತ್ರಿ ಅಕ್ಕಾರ. ಆದ್ರ ನಾವು ಕೀಳಂಗಿಲ್ಲ. ಹ್ವಾದ ವರ್ಷ ಕುಸುಬಿ ಕಿತ್ತು, ನಾಕೈದು ದಿನ ರೊಟ್ಟಿ ಬಡ್ಯಾಕ ಕೈ ಬರಲಿಲ್ಲ. ಇದರ ಮುಳ್ಳು ಅದಕ್ಕಿಂತ ಬಿರುಸು ಅದಾವು.”

“ಕೈಗೆ ಅರಿಬಿ ಸುತ್ತಿಕೊಳ್ರಿ,” ಎಂದರು ಹೇಮಪ್ಪ.

“ಅರಿಬಿ ಹರಕೊಂಡು ಒಳಗ ಹೊಕ್ಕಾವ್ರಿ.”

ಮೇಡಂ ಹೊಲಕ್ಕಿಳಿದು ಬರಿಗೈಯಲ್ಲಿ ಒಂದು ಸಾಲು ಕಿತ್ತರು. ಮರಳಿದಾಗ ಅಂಗೈ ರಕ್ತವಾಗಿತ್ತು. “ಖರೆ ಐತಿ ಕರಿಯವ್ವ. ಇದನ್ನ ಕೊಡಾಕ ಬರಂಗಿಲ್ಲ,” ಎಂದರು. ಮರುದಿನವೇ ಪ್ರಸ್ತಾವ ಹಿಂಪಡೆದರು.

“ಇಷ್ಟು ಇಳುವರಿ ಬಿಡೂದೇನ್ರಿ, ಮೇಡಂ?” ಎಂದು ನಾನು ವಾದಕ್ಕಿಳಿದೆ. “ಇಳುವರಿ ಐತೋ ತಮ್ಮಾ. ಕೀಳಾಕ ಯಾರು ಬರ್ತಾರ, ನೀ ಬರ್ತಿಯೇನು?” ಎಂದರು.

ತಂದೆತಾಯಿ ತಳಿಗಳಲ್ಲಿ ಒಂದಕ್ಕೆ ಮುಳ್ಳಿದ್ದರೂ ಸಂಕರದಲ್ಲಿ ಅದು ಮೇಲುಗೈ ಪಡೆಯುತ್ತದೆ. ಆದ್ದರಿಂದ ಎರಡನ್ನೂ ಮುಳ್ಳಿಲ್ಲದಂತೆ ಮೊದಲಿನಿಂದ ರೂಪಿಸಬೇಕಾಯಿತು; ಅದಕ್ಕೆ ವರ್ಷಗಳೇ ಹಿಡಿದವು. ಬಡ್ತಿ ಕಿರಿಯರೊಬ್ಬರಿಗೆ ಹೋಯಿತು. ಆ ವರ್ಷಗಳಲ್ಲೇ ನನ್ನ ತಾಯಿ ಆಸ್ಪತ್ರೆ ಸೇರಿದಾಗ, ನನ್ನ ಹಂಗಾಮು ಹಾಳಾಗದಿರಲೆಂದು ನನ್ನ ಗಿಡಗಳ ಹೂಗಳನ್ನೂ ಅವರೇ ಕೂಡಿಸಿದರು. ಪ್ರಸ್ತಾವ ಹಿಂಪಡೆದ ಅವರ ನಿರ್ಧಾರ ಮಾತ್ರ ನನಗೆ ಇಂದಿಗೂ ಪೂರ್ತಿ ಒಪ್ಪಿಗೆಯಿಲ್ಲ: ಅಷ್ಟರಲ್ಲಿ ಎಷ್ಟೋ ಹೊಲಗಳು ಕಡಲೆಗೆ ತಿರುಗಿ, ಮತ್ತೆ ಕುಸುಬಿಗೆ ಮರಳಲಿಲ್ಲ.

ಆದರೆ ಇಳುವರಿ ತುಸು ಕಡಿಮೆಯಾದರೂ ಮುಳ್ಳಿಲ್ಲದ ಹೈಬ್ರಿಡ್ ಅದೇ ಹೊಲದಲ್ಲಿ ಮಾಗಿ ನಿಂತ ದಿನ, ಕರಿಯವ್ವ ಗಿಡದ ಮೇಲೆ ಅಂಗೈ ಆಡಿಸಿ, “ಏ, ಮೆತ್ತಗ ಐತಿ, ಬರ್ರೇ!” ಎಂದು ಗೆಳತಿಯರನ್ನು ಕೂಗಿ ಸಾಲು ಹಿಡಿದರು. ಮೇಡಂ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಈಗ ಅವರು ಮುಂಡರಗಿಯ ಹತ್ತಿರ ರೈತರೊಬ್ಬರು ಬಿಟ್ಟುಕೊಟ್ಟ ಹೊಲದ ಮೂಲೆಯಲ್ಲಿ ಹೊಸ ತಳಿಜೋಡಿಗಳನ್ನು ಕೂಡಿಸುತ್ತಿದ್ದಾರೆ. ಈ ಸನ್ಮಾನ ಸಮಾರಂಭಕ್ಕೆ ದಿನ ಕೇಳಲು ಹೋದ ನಮಗೆ, “ಸನ್ಮಾನ ಬ್ಯಾಡ ಅನ್ನಂಗಿಲ್ರಿ. ಹೂ ಬಿಡೂ ಹೊತ್ತಿನ್ಯಾಗ ಮಾತ್ರ ಕರೀಬ್ಯಾಡ್ರಿ,” ಎಂದರು. ಸಮಿತಿ ದಿನವನ್ನು ಸುಗ್ಗಿಯಾಚೆಗೆ ಮುಂದೂಡಿತು. ಹೂ ಬಿಡುವ ಅಂಥ ಹಂಗಾಮುಗಳು ಆಯುರಾರೋಗ್ಯದೊಡನೆ ಅವರಿಗೆ ಇನ್ನೂ ಅನೇಕ ಒದಗಿಬರಲಿ. ನಮ್ಮ ಸಮಾರಂಭಗಳು ಕಾಯುತ್ತವೆ.