ಅಮಾವಾಸ್ಯೆಗೆ ಮಲಗುವ ಸರ್ವರುಗಳು

ನನ್ನ ತಂಗಿಗೆ ಡಯಾಲಿಸಿಸ್ ಶುರುವಾದ ವರ್ಷ, ಅವಳ ಮಗಳು ಬೆಳಗಾವಿಯ ಹಿಂದವಾಡಿಯಲ್ಲಿರುವ ನನ್ನ ಮನೆಯ ಹೊರಗಿನ ಕೋಣೆಯಲ್ಲಿ ಕೂತು ಒಂದು ಪ್ಲಾಟ್‌ಫಾರ್ಮ್ ಕಟ್ಟತೊಡಗಿದಳು. ತಂಗಿ ಇರುವುದು ಬೀಡಿ ಎಂಬ ಊರಿನಲ್ಲಿ. ವಾರಕ್ಕೆ ಮೂರು ಸಲ ಖಾನಾಪುರ ದಾಟಿ ಬೆಳಗಾವಿಗೆ ಬರಬೇಕು. ಆ ಕಡೆಯ ಹಳ್ಳಿಗಳಿಂದ ಹೀಗೆ ಬರುವವರು ಬಹಳ ಜನ. ಮೊಬೈಲಿನಲ್ಲಿ ಒತ್ತಿದರೆ ಹತ್ತಿರದ ಟ್ಯಾಕ್ಸಿಯವರಿಗೆ ಸುದ್ದಿ ಹೋಗಿ, ಒಪ್ಪಿದವನು ಬಂದು ಕರೆದೊಯ್ಯುವ ಏರ್ಪಾಡು ಅವಳದು.

ಕೆಲಸದ ರೀತಿ ನನಗೆ ಹಿಡಿಸಿತ್ತು. ಪ್ರೋಗ್ರಾಂ ಬರೆಯುವವಳೂ ಅವಳೇ, ಅದು ಓಡುವಾಗ ಕಾಯುವವಳೂ ಅವಳೇ. ನಾನು ಕಲಿತ ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸಿನಲ್ಲಿ ಹೊಲಿಗೆ ತಪ್ಪಿದವಳೇ ಬಿಚ್ಚಿ ಮತ್ತೆ ಹೊಲಿಯಬೇಕಿತ್ತು, ಅದೇ ಡಿಸಿಪ್ಲಿನ್. ಸಣ್ಣ ಬದಲಾವಣೆ ಬರೆದು ಕಳಿಸಿದರೆ ಮಷೀನು ಮೊದಲು ಟೆಸ್ಟ್ ಮಾಡುತ್ತಿತ್ತು, ಪಾಸಾದರೆ ತಾನೇ ಕ್ಲೌಡಿಗೆ, ಅಂದರೆ ಎಲ್ಲೋ ದೂರದ ಬಾಡಿಗೆ ಕಂಪ್ಯೂಟರುಗಳಿಗೆ, ಹಚ್ಚುತ್ತಿತ್ತು. ಅಲ್ಲಿ ಎಷ್ಟು ಸರ್ವರ್ ಓಡಬೇಕೆಂಬುದನ್ನೂ ಅವಳು ಬರೆದಿಟ್ಟ ನಿಯಮವೇ ನೋಡಿಕೊಳ್ಳುತ್ತಿತ್ತು.

ಅಂಥ ಒಂದು ನಿಯಮ ನಮ್ಮ ಕಡೆಯವರಿಗಷ್ಟೇ ಹೊಳೆಯುವಂಥದು. ಅಮಾವಾಸ್ಯೆಯ ದಿನ ನಮ್ಮ ಜನ ಸಾಧ್ಯವಾದರೆ ಎಲ್ಲಿಗೂ ಹೊರಡುವುದಿಲ್ಲ. ಬರೀ ಚೆಕಪ್ಪಿಗೆ ಹೋಗುವವರು ದಿನ ಮುಂದೆ ಹಾಕುತ್ತಾರೆ. ಹಾಗಾಗಿ ಪಂಚಾಂಗ ನೋಡಿ, ಬಾಡಿಗೆ ಉಳಿಯಲೆಂದು ಆ ದಿನಗಳಲ್ಲಿ ಒಂದು ಸರ್ವರ್ ಬಿಟ್ಟು ಉಳಿದವೆಲ್ಲ ತಾವೇ ಮಲಗುವಂತೆ ಬರೆದಳು. ಹಲವು ಅಮಾವಾಸ್ಯೆಗಳು ಸುಮ್ಮನೆ ಕಳೆದವು. ಸ್ಮಾರ್ಟ್ ಗರ್ಲ್ ಅಂತ ನಾನೂ ಹೊಗಳಿದ್ದೆ.

ಆಮೇಲೆ ಎಳ್ಳ ಅಮಾವಾಸ್ಯೆ ಬಂತು, ತಂಗಿಯ ಡಯಾಲಿಸಿಸ್ಸಿನ ದಿನವೇ. ಅಂದು ಊರಿಗೆ ಊರೇ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಟ್ಯಾಕ್ಸಿಯವರಿಗೂ ಹೊಲಗಳಿವೆ. ಯಾರೂ ಒಪ್ಪದಿದ್ದಾಗ ಕಾಯಿಲೆಯವರು ಮತ್ತೆ ಮತ್ತೆ ಒತ್ತಿದರು, ಮನೆಮಂದಿಯೂ ತಮ್ಮ ತಮ್ಮ ಮೊಬೈಲಿನಿಂದ ಒತ್ತಿದರು. ಪ್ರತಿ ಸಲವೂ ಪ್ಲಾಟ್‌ಫಾರ್ಮ್ ತಾಲೂಕಿನ ಟ್ಯಾಕ್ಸಿಯವರನ್ನೆಲ್ಲ ಹುಡುಕಬೇಕಾಗಿ, ಭಾರ ತಾಳದೆ ಎಚ್ಚರವಿದ್ದ ಒಂದೇ ಸರ್ವರ್ ಬಿದ್ದುಹೋಯಿತು. ನನ್ನ ಮುಂಜಾನೆಯ ಚಹಾ ಮುಗಿದಿರಲಿಲ್ಲ, ಹೊರಗಿನ ಕೋಣೆಯಲ್ಲಿ ಅಲಾರ್ಮ್ ಹೊಡೆದುಕೊಳ್ಳತೊಡಗಿತು.

ಅವಳು ಕೈಯಾರೆ ಸರ್ವರುಗಳನ್ನು ಎಬ್ಬಿಸಿದಳು. ನಿಯಮ ಅವನ್ನು ಮತ್ತೆ ಮಲಗಿಸಿತು. ಮತ್ತೆ ಎಬ್ಬಿಸಿದಳು, ಮತ್ತೆ ಮಲಗಿದವು. ಬರೆದಿಟ್ಟದ್ದನ್ನಷ್ಟೇ ಅದು ನಂಬುತ್ತದೆಯಂತೆ, ಬರೆದವಳ ಕೈಯನ್ನಲ್ಲ. ನಿಯಮವನ್ನೇ ತಿದ್ದಿ, ಟೆಸ್ಟ್ ದಾಟಿಸಿ, ಮತ್ತೆ ಕ್ಲೌಡಿಗೆ ಹಚ್ಚಬೇಕಿತ್ತು. ಅಷ್ಟರಲ್ಲಿ ತಂಗಿಯ ಫೋನ್ ಬಂತು. ಗಾಡಿ ಸಿಕ್ಕಿಲ್ಲ, ಉಸಿರು ಭಾರವಾಗುತ್ತಿದೆ ಎಂದಳು.

"ನೀ ಕಾರ್ ತಗೊಂಡು ಹೋಗು. ಅವ್ವನ್ನ ಕರಕೊಂಡು ಬಾ," ಅಂದೆ.

"ನಾ ಎದ್ದು ಹೋದ್ರ ಇದನ್ನ ಎಬ್ಬಸೋರು ಯಾರ್ ಅದಾರ, ದೊಡ್ಡವ್ವ? ಅಲ್ಲೆ ಅವ್ವ ಒಬ್ಬಾಕಿನ ಕಾಯಾಕತ್ತಿಲ್ಲ." ಪರದೆಯಿಂದ ಕಣ್ಣು ಕೀಳಲಿಲ್ಲ ಅವಳು.

ನನಗೆ ಕಾರು ಓಡಿಸಲು ಬಾರದು. ಹತ್ತಿರದ ಮಚ್ಛೆ ಊರಿನ ಪರಿಚಯದ ಡ್ರೈವರನ್ನು ನಾನೇ ಬೇಡಿಕೊಂಡು ಬೀಡಿಗೆ ಕಳಿಸಿದೆ. ಅವನು ಹೊರಟ ಸ್ವಲ್ಪ ಹೊತ್ತಿಗೆ ತಿದ್ದಿದ ನಿಯಮ ಹತ್ತಿಕೊಂಡು ಪರದೆಯ ಮೇಲೆ ಎಲ್ಲ ಹಸಿರಾಯಿತು. ಆದರೆ ಯಾರೂ ಬುಕಿಂಗ್ ಒಪ್ಪಲಿಲ್ಲ. ಸರ್ವರ್ ಎದ್ದರೇನು, ಡ್ರೈವರುಗಳು ಹೊಲದಲ್ಲಿದ್ದರು. ಅವಳು ಒಬ್ಬೊಬ್ಬರಿಗೂ ಫೋನ್ ಹಚ್ಚಿ, ಕಾಕಾ, ಮಾಮಾ ಎಂದು ಕೈಮುಗಿಯುವ ದನಿಯಲ್ಲಿ ಕೇಳಿಕೊಂಡಳು. ಕೆಲವರು ಊಟ ಬಿಟ್ಟು ಎದ್ದರು.

ತಂಗಿ ಆಸ್ಪತ್ರೆಗೆ ಮುಟ್ಟುವ ಹೊತ್ತಿಗೆ ಅವಳ ಪಾಳಿಯ ಡಯಾಲಿಸಿಸ್ ಮಷೀನು ಬೇರೆಯವರಿಗೆ ಹೋಗಿತ್ತು. ಸಂಜೆಯವರೆಗೂ ಬೆಂಚಿನ ಮೇಲೆ ಒರಗಿ ಕೂತಳು. ಮುಖ ಬಾತು ಕಣ್ಣು ಗೆರೆಯಷ್ಟಾಗಿದ್ದವು. ತೊಡೆಯ ಮೇಲೆ ಒಂದು ಡಬ್ಬಿ. ಬಾಜು ಮನೆಯವರು ಚರಗಕ್ಕೆ ಮಾಡಿದ್ದ ಕಡಬು. ಪಥ್ಯದಿಂದಾಗಿ ತಾನು ಅದನ್ನು ತಿನ್ನುವಂತಿಲ್ಲ, ಮಗಳಿಗೆಂದು ತಂದಿದ್ದಳು. ಮಗಳು ಡಬ್ಬಿಯನ್ನು ತೆರೆಯಲೇ ಇಲ್ಲ.

ಆ ನಿಯಮ ಅಂದೇ ಹೋಯಿತು. ಮುಂದಿನ ಅಮಾವಾಸ್ಯೆಗೆ ಒಂದು ದಿನ ಮೊದಲೇ ತಂಗಿ ಚೀಲ ಹಿಡಿದು ಬಸ್ಸಿನಲ್ಲಿ ನನ್ನ ಮನೆಗೆ ಬಂದಿಳಿದಳು.

"ಈಗ ಎಲ್ಲಾ ಸರಿ ಮಾಡೇನಿ ಅವ್ವ. ನಾಳೆ ಗಾಡಿ ಬರತಿತ್ತು," ಅಂದಳು ಮಗಳು.

"ನಿನ್ನ ಮ್ಯಾಲೆ ನಂಬಿಗಿ ಐತಿ ಮಗಳ. ಆದ್ರ ನಾ ಇಲ್ಲೇ ಇರತೀನಿ."

ಮಗಳು ಚೀಲವನ್ನು ಒಳಗಿಟ್ಟು ಬಂದು ಮೊಬೈಲ್ ತೆಗೆದು, ಮರುದಿನ ಬೀಡಿಯಿಂದ ಇದ್ದ ಅವ್ವನ ಬುಕಿಂಗನ್ನು ತಾನೇ ಕ್ಯಾನ್ಸಲ್ ಮಾಡಿದಳು.